ಮಣ್ಣಿನೊಳಗೆ ಕಾಯಿ ಬಿಡುವ ಕಡ್ಲಿ

ಹಸಿ ಕಡ್ಲಿ ಗಿಡ ಮುಟ್ಟಿದವರಿಗೆ ಅದರ ಹುಳಿ ಗೊತ್ತು. ಕಾಯಿ ಬಿಡಿಸುತ್ತ ಬಿಡಿಸುತ್ತ ಬೆರಳು ಜಿಗುಟಾಗುತ್ತವೆ. ಆಮೇಲೆ ಎಷ್ಟು ತೊಳೆದರೂ ಸಂಜೆಯವರೆಗೆ ಉಗುರಿನ ಸಂದಿಯಲ್ಲಿ ಆ ವಾಸನೆ ಉಳಿದಿರುತ್ತದೆ. ಹೋದ ತಿಂಗಳು ಅಣ್ಣಿಗೇರಿಯಲ್ಲಿ ಶಲವಡಿಯ ಬಸ್ಸು ಹತ್ತಿ ಕುಳಿತಿದ್ದೆ. ಮಡಿಲಲ್ಲಿ ಕಡ್ಲಿ ಗಿಡದ ಸೂಡು ಇಟ್ಟುಕೊಂಡ ಹೆಂಗಸೊಬ್ಬಳು ಪಕ್ಕಕ್ಕೆ ಬಂದು ಕೂತಳು. ಬಸ್ಸು ಹೊರಡುವ ಮೊದಲೇ ನಾಲ್ಕು ಗಿಡ ಎಳೆದು, "ತಗೋರಿ, ತಿನ್ರಿ" ಎಂದು ನನ್ನ ಕೈಗಿಟ್ಟಳು. ಹೆಸರು ಕೇಳುವ ಮೊದಲು ತಿನ್ನಲು ಕೊಡುವುದು ನಮ್ಮ ಕಡೆಯ ಪದ್ಧತಿ. ಎರಡು ಕಾಯಿ ಬಿಡಿಸುವಷ್ಟರಲ್ಲಿ ಆ ಹುಳಿ ಮೂಗಿಗೆ ಬಂತು, ಅದರ ಹಿಂದೆಯೇ ಒಂದು ಇಡೀ ಹಿಂಗಾರಿ ಬಂತು.

ಅಚ್ಚುಕಟ್ಟಾಗಿ ಬರೆಯುವವರು ಕಡಲೆ ಎಂದು ಬರೆಯುತ್ತಾರೆ. ನಾನೂ ಬಿ.ಎ. ಓದಿದವಳು, ನನಗೂ ಗೊತ್ತು. ಆದರೂ ಇಲ್ಲಿ ಕಡ್ಲಿ ಎಂದೇ ಬರೆಯುತ್ತೇನೆ. ಅದು ಹಟವೆಂದು ಯಾರಿಗಾದರೂ ಅನಿಸಿದರೆ, ಹೌದು, ಹಟವೇ.

ಆ ವರ್ಷ ನನಗೆ ಇಪ್ಪತ್ತೆರಡು. ಬಿ.ಎ. ಮುಗಿದಿತ್ತು, ಬುದ್ಧಿ ಇನ್ನೂ ಶುರುವಾಗಿರಲಿಲ್ಲ. ನಮ್ಮ ಓಣಿಯ ಒಂಬತ್ತು ಜನ ಹೆಣ್ಣುಮಕ್ಕಳು ಸೇರಿ ಸಂಘ ಕಟ್ಟಿಕೊಂಡಿದ್ದರು. ನನ್ನ ಅಮ್ಮಿಯೂ ಅದರಲ್ಲಿ ಒಬ್ಬಳು. ಜೀವನವಿಡೀ ಮಂದಿಯ ಹೊಲದಲ್ಲಿ ಕಳೆ ತೆಗೆದವರು, ಮಂದಿಯ ಕಡ್ಲಿ ಕಿತ್ತವರು. ಅವರಿಗೆ ಒಂದೇ ಒಂದು ಸಲ ತಮ್ಮ ಹೆಸರಿನಲ್ಲಿ ಬಿತ್ತಬೇಕು ಎನ್ನುವ ಆಸೆ ಹುಟ್ಟಿತ್ತು. ವೀರನಗೌಡರ ನಾಲ್ಕು ಎಕರೆ ಎರೆ ಹೊಲವನ್ನು ಲಾವಣಿಗೆ, ಅಂದರೆ ಗುತ್ತಿಗೆಗೆ, ಕೇಳಲು ಒಂಬತ್ತೂ ಜನ ಅವರ ಮನೆಯ ಕಟ್ಟೆಯ ಮುಂದೆ ನಿಂತರು. ಬರೆದುಕೊಳ್ಳಲು ಯಾರಾದರೂ ಬೇಕಲ್ಲ ಎಂದು ನನ್ನನ್ನೂ ಕರೆದುಕೊಂಡು ಹೋಗಿದ್ದರು.

ಗೌಡರು ಎಲೆ ಅಡಿಕೆ ಮೆಲ್ಲುತ್ತ ಎಲ್ಲವನ್ನೂ ಕೇಳಿದರು. ಆಮೇಲೆ ಹೇಳಿದರು, "ಒಂದ ಹಿಂಗಾರಿ ನೋಡ್ತೀನ್ರವಾ. ಬೆಳಿ ಚಲೋ ಎದ್ರ ಮುಂದಿನ ವರ್ಷಾನೂ ನೀವ ಬಿತ್ರಿ. ಇಲ್ಲಂದ್ರ ಮತ್ತ ಕಳೇ ತಗ್ಯಾಕ ಬರ್ರಿ, ನನಗೇನು ಬ್ಯಾಸರಿಲ್ಲ."

ಅವರು ಸಿಟ್ಟಿನಿಂದ ಹೇಳಿದ್ದಲ್ಲ. ಹಾಗಾಗಿಯೇ ಅದು ಹೆಚ್ಚು ಚುಚ್ಚಿತು. ಮನೆಗೆ ಬರುವ ದಾರಿಯಲ್ಲಿ, ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯಳಾದ ಫಕ್ಕೀರವ್ವ, "ಹೊಲ ಅಂತೂ ಸಿಕ್ತಲ್ಲ, ನಡೀರಿ" ಎಂದಳು.

ಫಕ್ಕೀರವ್ವನನ್ನು ನಾನು ಆಯಿ ಎಂದು ಕರೆಯುತ್ತಿದ್ದೆ. ಅರವತ್ತು ದಾಟಿತ್ತು, ಅಕ್ಷರ ಗೊತ್ತಿರಲಿಲ್ಲ. ಊರಿನಲ್ಲಿ ಅವಳು ಬೇರೊಂದು ಕೆಲಸಕ್ಕೆ ಹೆಸರುವಾಸಿ. ಯಾರ ಮನೆಯಲ್ಲಿ ಹೆಣ್ಣು ಕೊಡುವ ಮಾತು ಬಂದರೂ ಮೊದಲು ಫಕ್ಕೀರವ್ವನನ್ನು ಗಂಡಿನ ಊರಿಗೆ ಕಳಿಸುತ್ತಿದ್ದರು, ಮನೆತನ ನೋಡಿ ಬರಲು. ನಮ್ಮ ಮುಸಲ್ಮಾನ ಮಂದಿಯೂ ಕಳಿಸುತ್ತಿದ್ದರು, ಲಿಂಗಾಯತರೂ, ಕುರುಬರೂ. ಅವಳು ಗಂಡಿನ ಮನೆಯ ಹೊಸ್ತಿಲನ್ನೇ ತುಳಿಯುತ್ತಿರಲಿಲ್ಲ. ಬಾಜೂ ಮನೆಗೆ, ಅಂದರೆ ಪಕ್ಕದ ಮನೆಗೆ, ಹೋಗಿ ನೀರು ಕೇಳುವಳು, ಹಿಟ್ಟಿನ ಗಿರಣಿಯಲ್ಲಿ ಕೂರುವಳು, ಬಳೆಗಾರನ ಹತ್ತಿರ ಮಾತಿಗೆ ನಿಲ್ಲುವಳು. ಸಂಜೆಗೆ ಆ ಮನೆಯ ಮೂರು ತಲೆಮಾರು ಅವಳ ಉಡಿಯಲ್ಲಿರುತ್ತಿತ್ತು. "ಗಂಡಿನ ಮನ್ಯಾಗ ಗಂಡು ಹ್ಯಾಂಗಂತ ಕೇಳಿದ್ರ ಬಂಗಾರ ಅಂತಾರ. ಬಾಜೂ ಮನ್ಯಾಗ ಕೇಳಬೇಕು" ಎನ್ನುವುದು ಅವಳ ಮಾತು. ಅದು ಮದುವೆಯ ಮಾತು ಎಂದೇ ನಾನು ಅಂದುಕೊಂಡಿದ್ದೆ.

ಚಿತ್ತಿ ಮಳೆ ಹದವಾಗಿ ಬಿತ್ತು. ದಸರೆ ಮುಗಿಯುತ್ತಲೇ ಬಿತ್ತಿದೆವು. ಎಂಟು ದಿನಕ್ಕೆ ಕಪ್ಪು ಮಣ್ಣಿನಲ್ಲಿ ಹಸಿರು ಸಾಲು ಕಂಡಾಗ ಒಂಬತ್ತು ಜನರ ನಡಿಗೆಯೇ ಬದಲಾಯಿತು. ಮಂದಿಯ ಹೊಲಕ್ಕೆ ಹೋಗುವಾಗ ತಲೆ ತಗ್ಗಿಸಿ ಬಿರಬಿರನೆ ನಡೆಯುತ್ತಿದ್ದವರು ಈಗ ದಾರಿಯಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ, "ನಮ್ಮ ಹೊಲಕ್ಕ ಹೊಂಟೀವಿ" ಎನ್ನುತ್ತಿದ್ದರು, ಯಾರೂ ಕೇಳದಿದ್ದರೂ.

ನನ್ನ ಕೆಲಸ ಫೋನು. ಗುಂಪಿನಲ್ಲಿ ನೆಟ್ಟು ಇದ್ದ ಫೋನು ನನ್ನದೊಂದೇ. ಮಳೆ ಯಾವಾಗ, ಗಾಳಿ ಯಾವ ಕಡೆ, ಗಿಡದ ಕುಡಿ ಚೂಟುವುದು ಯಾವ ದಿನ, ಎಲ್ಲದಕ್ಕೂ ನನ್ನನ್ನೇ ಕೇಳುತ್ತಿದ್ದರು. ಫೋನಿನ ಅಕ್ಕೋರು ಎಂದು ಹೆಸರಿಟ್ಟಿದ್ದರು. ನಮ್ಮಲ್ಲಿ ಅಕ್ಕೋರು ಎಂದರೆ ಶಾಲೆಯ ಮೇಡಂ. ಎಮ್ಮೆಯ ಸಗಣಿ ಬಳಿದ ಅಂಗಳದಲ್ಲಿ ನಿಂತು ಅದನ್ನು ಕೇಳಿದರೂ ನನಗೆ ತಲೆ ಮೇಲಕ್ಕೇಳುತ್ತಿತ್ತು.

ಕುಡಿ ಚೂಟುವ ದಿನ ಬೆಳಿಗ್ಗೆ ಮಂಜು ದಟ್ಟವಾಗಿತ್ತು. ಸೀರೆಯ ಅಂಚು ಮೊಣಕಾಲಿನವರೆಗೆ ತೊಯ್ದಿದ್ದವು. ಆಯಿ ಬಿಳಿ ಬಟ್ಟೆಯೊಂದನ್ನು ಗಿಡಗಳ ಮೇಲೆ ಹಾಸಿ, ಅದು ಹೀರಿದ ಹುಳಿ ಮಂಜನ್ನು ತಂಬಿಗೆಗೆ ಹಿಂಡಿಕೊಳ್ಳುತ್ತಿದ್ದಳು. ಹೊಟ್ಟೆನೋವಿಗೆ ಅದಕ್ಕಿಂತ ದೊಡ್ಡ ಔಷಧ ಅವಳ ಲೆಕ್ಕದಲ್ಲಿ ಇರಲಿಲ್ಲ. ಹಿಂಡುತ್ತಿದ್ದವಳು ತಟ್ಟನೆ ನಿಂತಳು. ಮುಂದಿನ ಸಾಲಿನಲ್ಲಿ ಐದಾರು ಗಿಡ ಬಿಸಿನೀರು ಸುರಿದ ಹಾಗೆ ಜೋತುಬಿದ್ದಿದ್ದವು. ಒಂದನ್ನು ಕಿತ್ತು, ಉಗುರಿನಿಂದ ಉದ್ದಕ್ಕೆ ಸೀಳಿ, ಒಳಗೆ ನೋಡಿ, "ಸಿಡಿ ಹಾಯ್ದೈತಿ" ಎಂದಳು. ಗಿಡ ನಿಂತಲ್ಲೇ ಬಾಡುವ ರೋಗಕ್ಕೆ ನಮ್ಮಲ್ಲಿ ಸಿಡಿ ಎನ್ನುತ್ತಾರೆ.

ಕೈಗಳೆಲ್ಲ ನಿಂತವು. ಎಲ್ಲರ ಕಣ್ಣು ನನ್ನ ಕಡೆ. ನಾನು ಜಂಬದಿಂದಲೇ ಫೋನು ತೆಗೆದು, ಮೈಕಿನ ಚಿತ್ರ ಒತ್ತಿ ಆಯಿಯ ಬಾಯಿಯ ಹತ್ತಿರ ಹಿಡಿದೆ. "ನೀನ ಕೇಳ ಆಯಿ."

"ಕಡ್ಲಿ ಸಿಡಿ ಹಾಯ್ದಾವು, ಏನ್ ಮಾಡಬೇಕಪಾ?" ಎಂದು ಅವಳು ವಿನಯದಿಂದ ಕೇಳಿದಳು.

ಫೋನು 'ಕಡಲ ಸಿಡಿ' ಎಂದು ಬರೆದುಕೊಂಡಿತು. ಮೊದಲು ಅಲೆ ಹೊಡೆಯುವ ಸಮುದ್ರದ ಚಿತ್ರ ಬಂತು, ಅದರ ಕೆಳಗೆ ಹಳೆಯ ಹಾಡಿನ ಸಿಡಿಗಳು, ಅದರ ಕೆಳಗೆ ಯಾರದೋ ಮರ್ಯಾದೆ ತೆಗೆದ ಸಿಡಿಯ ಟೀವಿ ಸುದ್ದಿ. ಗುಂಪಿನಲ್ಲಿ ಎಲ್ಲರಿಗಿಂತ ಬಾಯಿ ಜೋರಾದ ಶಾಂತವ್ವ ಇಣುಕಿ ನೋಡಿ, "ಶಲವಡಿಗೆ ಸಮುದ್ರ ಬಂತಲ್ಲಬೇ, ಇನ್ನ ನೀರಿನ ಚಿಂತಿ ಇಲ್ಲ" ಎಂದಳು. ಆ ಚಿಂತೆಯಲ್ಲೂ ಎಲ್ಲರೂ ನಕ್ಕರು.

ನಾನು ನಗಲಿಲ್ಲ. ಫೋನಿಗೆ ನಮ್ಮ ಮಾತು ತಿಳಿಯದಿದ್ದರೆ ಅದು ನಮ್ಮ ಮಾತಿನ ದೋಷ ಎಂದೇ ಆಗ ನನ್ನ ತಿಳಿವಳಿಕೆ. ಪುಸ್ತಕದ ಕನ್ನಡದಲ್ಲಿ ಬೆರಳಚ್ಚು ಮಾಡಿದೆ. ಕಡಲೆ ಗಿಡ ಬಾಡುವುದು. ಮೊದಲ ಸಾಲಿನಲ್ಲೇ ಉತ್ತರ ಸಿಕ್ಕಿತು. 'ಕಡ್ಲೆ ಗಿಡ ಬಾಡುತ್ತಿದೆಯೇ? ತಡ ಮಾಡಬೇಡಿ' ಎಂದು ದಪ್ಪ ಅಕ್ಷರದ ಶೀರ್ಷಿಕೆ. ಅದರ ಕೆಳಗೆ, ತೇವ ಕಡಿಮೆಯಾಗಿರುತ್ತದೆ, ಕೂಡಲೇ ನೀರು ಕೊಡಿ ಎಂದಿತ್ತು. ಎರಡು ಪ್ಯಾರಾ ಓದಿದೆ, ಫೋನು ಒಳಗಿಟ್ಟೆ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರೆ. ಆತುರಗಾರ್ತಿಗೂ ಅದೇ ಗಾದೆ ಸಾಕು.

"ನೀರು ಬಿಡಬೇಕಂತ" ಎಂದೆ.

ಆಯಿ ಹುಬ್ಬು ಗಂಟಿಕ್ಕಿದಳು. "ಎರಿ ಹೊಲಕ್ಕ, ಅದೂ ಕಡ್ಲಿಗೆ, ಈಗ ನೀರು?"

"ಬರದಾರ ಆಯಿ. ನಾ ಓದೀನಲ್ಲ."

"ಬರದಾರಂದ್ರ ಸರಿ ಬಿಡು."

ಆ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ನಲವತ್ತು ವರ್ಷ ಕಡ್ಲಿ ಕಿತ್ತ ಕೈ ಅವಳದು. ಬರೆದಿದ್ದಾರೆ ಎಂದ ಕೂಡಲೇ ತನ್ನ ತಿಳಿವಳಿಕೆಯನ್ನು ಬದಿಗಿಟ್ಟು, ಅಕ್ಷರಕ್ಕೆ ದಾರಿ ಬಿಟ್ಟಳು. ಓದು ಬಾರದವರು ಓದಿಗೆ ಕೊಡುವ ಮರ್ಯಾದೆ ಅಷ್ಟು ದೊಡ್ಡದು. ನಾನು ಅದನ್ನು ಎರಡು ಪ್ಯಾರಾಕ್ಕೆ ಖರ್ಚು ಮಾಡಿದ್ದೆ.

ಗೌಡರ ಕೃಷಿ ಹೊಂಡದಲ್ಲಿ ನೀರಿತ್ತು. ಇಂಜಿನ್ ಹಚ್ಚಿ ಹೊಲದ ಮೂಡಣ ಪಟ್ಟಿಗೆ ನೀರು ಹಾಯಿಸಿದೆವು. ಮರುದಿನದಿಂದಲೇ ಮೋಡ ಕವಿದು, ಎರೆ ಮಣ್ಣು ಕುಡಿದ ನೀರನ್ನು ಬಿಡಲೇ ಇಲ್ಲ. ಐದು ದಿನ ಕಳೆದು ಹೋಗಿ ನೋಡಿದರೆ, ನೀರು ಮುಟ್ಟದ ಕಡೆ ಅಲ್ಲೊಂದು ಇಲ್ಲೊಂದು ಗಿಡ ಬಾಡಿತ್ತು. ನೀರು ಹಾಯಿಸಿದ ಪಟ್ಟಿಯಲ್ಲಿ ಸಾಲು ಸಾಲೇ ಮಲಗಿದ್ದವು. ಶಾಂತವ್ವ ಬದುವಿನ ಮೇಲೆ ಕುಕ್ಕರಿಸಿ ಕೂತಳು.

ಗೌಡರಿಗೆ ಸುದ್ದಿ ಹೋಗಿತ್ತು. ಮೋಟಾರ್ ಸೈಕಲ್ ನಿಲ್ಲಿಸಿ, ಹೊಲದೊಳಗೆ ಇಳಿಯದೆ, ಬದುವಿನ ಮೇಲಿಂದಲೇ ಕೇಳಿದರು, "ಕಡ್ಲಿಗೆ ನೀರು ಯಾರು ಬಿಡಾಕ ಹೇಳಿದ್ರು?"

ಒಂಬತ್ತು ಜನರಲ್ಲಿ ಒಬ್ಬಳೂ ನನ್ನ ಕಡೆ ನೋಡಲಿಲ್ಲ. ಆಯಿ ಸೆರಗು ಸರಿಮಾಡಿಕೊಂಡು, "ನಾವ ಬಿಟ್ಟೀವ್ರಿ ಗೌಡ್ರ, ಎಲ್ಲಾರೂ ಕೂಡಿ" ಎಂದಳು.

"ನಿಮ್ಮ ಕೈಯಾಗ ಹೊಲ ಅಂದ್ರ ಹಿಂಗ ನೋಡ್ರಿ" ಎಂದು ಅವರು ಹೊರಟುಹೋದರು.

ಆ ಮಧ್ಯಾಹ್ನ ಬನ್ನಿ ಗಿಡದ ಕೆಳಗೆ ರೊಟ್ಟಿ ಗಂಟು ಬಿಚ್ಚಿದಾಗ ನಾನು ಒಂದು ಕಡೆ ಸರಿದು ಕೂತೆ. ಆಯಿ ಕೈ ತೊಳೆದುಕೊಂಡು ಬಂದು ಪಕ್ಕದಲ್ಲಿ ಕೂತಳು. ಬೈಯುತ್ತಾಳೆ ಎಂದುಕೊಂಡೆ. "ಅವತ್ತು ಓದಿದ್ಯಲ್ಲ, ಅದನ್ನ ಪೂರಾ ಓದಬೇ ರೇಹಾನಾ. ನನಗ ಕೇಳೂಹಂಗ ಓದು" ಎಂದಳು.

ಓದಿದೆ. ಮೊದಲ ಎರಡು ಪ್ಯಾರಾ ಮುಗಿದು, ಅವತ್ತು ನಾನು ಓದದೆ ಬಿಟ್ಟಿದ್ದ ಮೂರನೆಯದು ಬಂತು. 'ಕಾಯಿಗಳು ಮಣ್ಣಿನೊಳಗೆ ಇಳಿಯುವ ಮುನ್ನ ಜಿಪ್ಸಂ ಹಾಕಿ, ತೇವ ಕಾಯ್ದುಕೊಳ್ಳಿ.'

"ನಿಲ್ಲು" ಎಂದಳು ಆಯಿ. "ಇನ್ನೊಮ್ಮೆ ಓದು."

ಇನ್ನೊಮ್ಮೆ ಓದಿದೆ. ಓದುತ್ತ ಓದುತ್ತಲೇ ನನ್ನ ದನಿ ಸಣ್ಣದಾಯಿತು.

"ಯವ್ವಾ, ಯಾವ ಕಡ್ಲಿ ಮಣ್ಣಾಗ ಕಾಯಿ ಬಿಡ್ತೈತಿ?"

ಅದು ಶೇಂಗಾ. ಮೈಸೂರು ಕಡೆಯವರು ಶೇಂಗಾಕ್ಕೆ ಕಡ್ಲೆಕಾಯಿ ಎನ್ನುತ್ತಾರೆ ಎಂದು ನನಗೆ ಗೊತ್ತಿತ್ತು. ಅದರ ಗಿಡಕ್ಕೆ ಬರೀ ಕಡ್ಲೆ ಗಿಡ ಎಂದು ಬರೆದುಬಿಡುತ್ತಾರೆ ಎನ್ನುವುದು ಹೊಳೆದಿರಲಿಲ್ಲ. ಎಲ್ಲೋ ದೂರದ ಕೆಂಪು ಮಣ್ಣಿನ ಶೇಂಗಾಕ್ಕೆ ಯಾರೋ ಬರೆದ ಮದ್ದನ್ನು ನಾನು ಶಲವಡಿಯ ಎರೆ ಹೊಲದ ಕಡ್ಲಿಗೆ ಕುಡಿಸಿದ್ದೆ. ನಾಚಿಕೆಯಿಂದ ಅತ್ತೆ. ಸುಳ್ಳು ಯಾಕೆ ಹೇಳಲಿ, ಗಟ್ಟಿಯಾಗಿಯೇ ಅತ್ತೆ.

ಆಯಿ ನನ್ನ ಬೆನ್ನು ಸವರಲಿಲ್ಲ. ಅದು ಅವಳ ಸ್ವಭಾವವಲ್ಲ. ತನ್ನದೇ ಕಥೆ ತೆಗೆದಳು. "ನಾನೂ ಹಿಂಗ ಒಮ್ಮೆ ಮಾಡೇನಿ ತಗೊ. ಕುಂದಗೋಳಕ್ಕ ಮಲ್ಲಪ್ಪನ ಮನಿತನ ನೋಡಾಕ ಹೋಗಿದ್ದೆ. ಮೂರು ಮನಿ ತಿರಗಿ ಸುದ್ದಿ ತಂದೆ, ಅಗದಿ ಚಲೋ ಸುದ್ದಿ. ಆಮ್ಯಾಲ ಗೊತ್ತಾತು, ಆ ಓಣ್ಯಾಗ ಇಬ್ಬರು ಮಲ್ಲಪ್ಪ ಇದ್ರು. ನಾ ತಂದ ಸುದ್ದಿ ಖರೇನ ಇತ್ತವಾ. ಮಲ್ಲಪ್ಪ ಬ್ಯಾರೆ ಇದ್ದ."

ನಾನು ಅಳು ನಿಲ್ಲಿಸಿ ಅವಳ ಮುಖ ನೋಡಿದೆ. ಮೂರು ವರ್ಷದ ಕಾಲೇಜಿನಲ್ಲಿ ಯಾರೂ ಹೇಳಿಕೊಡದಿದ್ದುದನ್ನು ಅವಳು ರೊಟ್ಟಿಯ ಗಂಟು ಕಟ್ಟುತ್ತ ಹೇಳಿಬಿಟ್ಟಿದ್ದಳು. ನನಗೆ ಸಿಕ್ಕಿದ್ದು ಸುಳ್ಳು ಸುದ್ದಿಯಲ್ಲ. ಬೇರೆಯವರ ಸುದ್ದಿ.

ಎರಡು ದಿನಕ್ಕೆ ಇನ್ನೊಂದು ಗಂಡಾಂತರ ಬಂತು. ಶಾಂತವ್ವ ತನ್ನ ಮೈದುನನ ಫೋನಿಗೆ ಬಂದ ವಿಡಿಯೋ ಒಂದನ್ನು ಹೊತ್ತುಕೊಂಡು ಬಂದಳು. ಬಿಳಿ ಅಂಗಿಯ ಒಬ್ಬ ಮನುಷ್ಯ, ಕೈಯಲ್ಲಿ ಬಾಟ್ಲಿ, ಹಿಂದೆ ಕಣ್ಣು ಹಾಯುವವರೆಗೆ ಹಸಿರು ಕಡ್ಲಿ. ಮೂರೇ ದಿನದಲ್ಲಿ ಸಿಡಿ ಮಾಯ ಎನ್ನುತ್ತಿದ್ದ. ಅದೂ ನಮ್ಮ ಮಾತಿನಲ್ಲೇ, ಕಡ್ಲಿ ಎಂದು, ಸಿಡಿ ಎಂದು. ಈ ಸಲ ಮಲ್ಲಪ್ಪ ಬೇರೆಯಲ್ಲ, ಅದೇ ಮಲ್ಲಪ್ಪ. ಹೆಣ್ಣುಮಕ್ಕಳ ಮುಖದಲ್ಲಿ ಕಳೆ ಬಂತು.

"ಇವತ್ತ ತರಿಸೂಣು. ಗೌಡ್ರೂ ತಮ್ಮ ಹೊಲಕ್ಕ ಇದನ್ನ ಹೊಡಸ್ಯಾರಂತ" ಎಂದಳು ಶಾಂತವ್ವ.

ಒಮ್ಮೆ ಕೆಡಿಸಿದ ನಾನು ಮತ್ತೆ ಏನು ಹೇಳಲಿ? ಆಯಿಯೇ ಕೇಳಿದಳು, "ಈತನ ಊರು ಯಾವುದು?"

ವಿಡಿಯೋ ಮತ್ತೆ ಹಾಕಿದೆ. ಊರು ಹೇಳಿರಲಿಲ್ಲ.

"ಹೊಲ ಯಾರದು? ಯಾವ ವರ್ಷದ್ದು?"

ಅದೂ ಇರಲಿಲ್ಲ. ಕೊನೆಗೆ ಬಾಟ್ಲಿ ತರಿಸಿಕೊಳ್ಳುವ ನಂಬರು ಮಾತ್ರ ದೊಡ್ಡದಾಗಿ ಬಂತು.

"ಮಾತು ಮಾತ್ರ ಅಗದಿ ಸಕ್ಕರಿ. ಗಂಡು ನೋಡಾಕ ಹೋದಾಗ ಗಂಡಿನ ಕಡೆಯವರು ಹಿಂಗ ಮಾತಾಡಿದ್ರ ನಾ ಚಾ ಸುದ್ದಾ ಕುಡ್ಯಂಗಿಲ್ಲ" ಎಂದಳು ಆಯಿ. ಆಮೇಲೆ ನನ್ನ ಕಡೆ ತಿರುಗಿ, "ರೇಹಾನಾ, ಇವನ ಮನ್ಯಾಗ ಇವನ್ನ ಕೇಳಿದ್ದು ಸಾಕು. ಬಾಜೂ ಮನಿ ಯಾವುದು ಈ ಫೋನಿನ್ಯಾಗ? ಅಲ್ಲಿ ಕೇಳೂಣು ನಡಿ."

ಹಾಗೆ ಶುರುವಾಯಿತು. ಫಕ್ಕೀರವ್ವನ ಮನೆಯ ಕಟ್ಟೆಯ ಮೇಲೆ, ಹಗಲಿನಲ್ಲಿ, ಹತ್ತು ಜನ ಒಂದು ಫೋನಿನ ಸುತ್ತ ಕೂತು ಒಂದು ಬಾಟ್ಲಿಯ ಮನೆತನ ನೋಡಿದೆವು. ಬಾಟ್ಲಿಯ ಹೆಸರು ಹಾಕಿ, ಅದನ್ನು ಮಾರುವವರ ತಾಣ ಬಿಟ್ಟು ಬೇರೆ ಕಡೆ ಏನಿದೆ ಎಂದು ಹುಡುಕಿದೆ. ನಾಲ್ಕು ಕಡೆ ಹೊಗಳಿಕೆ ಸಿಕ್ಕಿತು. ನಾಲ್ವರು ರೈತರು, ನಾಲ್ಕು ಹೆಸರು. ಶಾಂತವ್ವ ಗೆದ್ದವಳ ಹಾಗೆ ನೋಡಿದಳು. ಆಯಿ, "ಒಂದೊಂದ ಓದು" ಎಂದಳು. ಒಂದನ್ನು ಓದಿದೆ, ಎರಡನೆಯದನ್ನು ಓದಿದೆ. ಮೂರನೆಯದಕ್ಕೆ ಬರುವಷ್ಟರಲ್ಲಿ ಮುಂದಿನ ಸಾಲನ್ನು ಆಯಿಯೇ ಹೇಳಿದಳು, ನಾನು ಓದುವ ಮೊದಲೇ. ಅದೇ ಮಾತು, ಅದೇ ಸಾಲು. ಬಾಂಧವರೇ ಎನ್ನುವುದನ್ನು ನಾಲ್ವರೂ ಬಾಂದವರೆ ಎಂದು ಒಂದೇ ರೀತಿ ತಪ್ಪು ಬರೆದಿದ್ದರು.

"ನಾಕ ಮನ್ಯಾಗ ಒಂದ ಮಾತು ಬಂತಂದ್ರ ಯಾರೋ ಕಲಿಸಿ ಕೂಡಿಸ್ಯಾರ" ಎಂದಳು ಆಯಿ. "ಖರೇ ಸುದ್ದಿ ಆದ್ರ ಒಬ್ಬಕಿ ಒಂದ್ ರೀತಿ ಹೇಳ್ತಾಳ, ಇನ್ನೊಬ್ಬಕಿ ಇನ್ನೊಂದ್ ರೀತಿ ಹೇಳ್ತಾಳ, ಹೂರಣ ಮಾತ್ರ ಒಂದ ಇರ್ತೈತಿ."

ನನಗೂ ಹುರುಪು ಬಂತು. ವಿಡಿಯೋದಲ್ಲಿದ್ದ ಹಸಿರು ಹೊಲದ ಚಿತ್ರವನ್ನೇ ಫೋನಿಗೆ ಕೊಟ್ಟು, ಇದು ಮತ್ತೆಲ್ಲಿದೆ ಎಂದು ಹುಡುಕಿಸಿದೆ. ಅದು ಬೇರೆ ರಾಜ್ಯದ ಯಾವುದೋ ಹೊಲ, ಎಷ್ಟೋ ವರ್ಷದ ಹಿಂದೆ ಯಾರೋ ತೆಗೆದದ್ದು. ಆಗ ಈ ಬಾಟ್ಲಿ ಹುಟ್ಟೇ ಇರಲಿಲ್ಲ. "ಮಂದಿ ಕೂಸನ್ನ ತೋರಿಸಿ ತನ್ನದು ಅಂದನಲ್ಲಬೇ ಇಂವ" ಎಂದು ಶಾಂತವ್ವ ತಾನೇ ಬೈದಳು.

ಬಾಟ್ಲಿ ಬೇಡವಾಯಿತು. ಹಾಗಾದರೆ ಬೇಕಾದ್ದು ಏನು? ಇಲ್ಲಿ ದಾರಿ ತೋರಿಸಿದವಳು ನನ್ನ ಅಮ್ಮಿ. ಅಷ್ಟು ಹೊತ್ತೂ ಮೂಲೆಯಲ್ಲಿ ಕೂತು ಪಲ್ಯಕ್ಕೆ ಕಡ್ಲಿ ಕುಡಿ ಸೋಸುತ್ತಿದ್ದವಳು ತಲೆ ಎತ್ತದೆ, "ಮನ್ಯಾಗ ನಾವು ಇದಕ್ಕ ಚನಾ ಅಂತೀವಲ್ಲ. ಹಂಗ ಕೇಳಿ ನೋಡು. ಚನಾ ಅಂದ್ರ ಚನಾನ, ಅದಕ್ಕ ಎರಡು ಅರ್ಥ ಇಲ್ಲ" ಎಂದಳು. ನಮ್ಮ ಮನೆಮಾತಾದ ಉರ್ದು ಹೊಲದ ಕೆಲಸಕ್ಕೆ ಬರುತ್ತದೆ ಎಂದು ನನಗೆ ಹೊಳೆದೇ ಇರಲಿಲ್ಲ. ಚನಾ ಎಂದು ಹುಡುಕಿದೆ, ಗಿಡ ಬಾಡುವುದು ಎಂದು ಸೇರಿಸಿದೆ. ಹಿಂದಿಯ ಪುಟಗಳು ಬಂದವು. ಒಂದರಲ್ಲಿ ಉದ್ದಕ್ಕೆ ಸೀಳಿದ ಕಡ್ಲಿ ಕಾಂಡದ ಚಿತ್ರವಿತ್ತು, ಒಳಗೆ ಕಪ್ಪು ಗೆರೆ.

ಆಯಿ ಎದ್ದು ಒಳಗೆ ಹೋಗಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಬಾಡಿದ ಗಿಡ ತಂದಳು. ಸೀಳಿ ಫೋನಿನ ಪಕ್ಕದಲ್ಲಿ ಹಿಡಿದಳು. ಅದೇ ಕಪ್ಪು ಗೆರೆ. ಮೊದಲ ದಿನ ಅವಳು ಉಗುರಿನಿಂದ ಸೀಳಿ ನೋಡಿದ್ದು ಇದನ್ನೇ. ನಾನು ಅದೇನೆಂದು ಕೇಳಿರಲಿಲ್ಲ.

ಆ ರೋಗಕ್ಕೆ ಪುಸ್ತಕದ ಕನ್ನಡದಲ್ಲಿ ಸೊರಗು ರೋಗ ಎನ್ನುತ್ತಾರೆ ಎಂದು ಆಮೇಲೆ ಸಿಕ್ಕಿತು. ಆ ಹೆಸರು ಹಿಡಿದು ಹೋದಾಗ ಕೃಷಿ ವಿಜ್ಞಾನಿಗಳು ಬರೆದ ಪುಟವೊಂದು ತೆರೆಯಿತು. ಬರೆದವರ ಹೆಸರಿತ್ತು, ಬರೆದ ವರ್ಷವಿತ್ತು, ಯಾವ ಮಣ್ಣಿಗೆ ಎಂದಿತ್ತು. ಕಾಯಿ ಮಣ್ಣಿನ ಮೇಲೆಯೇ ಇತ್ತು, ಅದನ್ನು ಮೊದಲು ನೋಡಿಕೊಂಡೆ. ಈ ಸಲ ಕೊನೆಯ ಸಾಲಿನವರೆಗೆ ಗಟ್ಟಿಯಾಗಿ ಓದಿದೆ. ಅದರಲ್ಲಿ ಸಿಹಿ ಮಾತು ಒಂದೂ ಇರಲಿಲ್ಲ. ರೋಗ ಬಂದ ಗಿಡಕ್ಕೆ ಮದ್ದಿಲ್ಲ. ಬೇರುಸಹಿತ ಕಿತ್ತು ಸುಡಬೇಕು. ನೀರು ನಿಲ್ಲಗೊಡಬಾರದು. ಮುಂದಿನ ಸಲ ಬೀಜೋಪಚಾರ ಮಾಡಿ ಬಿತ್ತಬೇಕು. ಇನ್ನೆರಡು ಕಡೆ ನೋಡಿದೆ. ಬೇರೆ ಬೇರೆ ಮಾತು, ಹೂರಣ ಒಂದೇ.

"ಮದ್ದಿಲ್ಲ ಅಂತ ಹೇಳಾಕೂ ಧೈರ್ಯ ಬೇಕು. ಇವರು ಮಾರಾಕ ಕುಂತಿಲ್ಲ" ಎಂದಳು ಆಯಿ. ಅಷ್ಟಾದರೂ ಅವಳಿಗೆ ಸಮಾಧಾನವಿಲ್ಲ. ಮರುದಿನ ಆ ಒದ್ದೆ ಬಟ್ಟೆಯ ಗಂಟು ಹಿಡಿದು ನನ್ನನ್ನು ಅಣ್ಣಿಗೇರಿಯ ರೈತ ಸಂಪರ್ಕ ಕೇಂದ್ರಕ್ಕೆ ಎಳೆದೊಯ್ದಳು. ಅಲ್ಲಿನ ಸಾಹೇಬರು ಗಿಡ ನೋಡಿ, ನಾನು ಬರೆದುಕೊಂಡು ಹೋಗಿದ್ದ ಚೀಟಿ ಓದಿ, "ಸರಿ ಐತ್ರಿ, ಇದನ್ನ ಮಾಡ್ರಿ. ಯಾರು ಹೇಳಿದ್ರು ನಿಮಗ?" ಎಂದು ಕೇಳಿದರು.

"ಯಾರೂ ಹೇಳಿಲ್ರಿ. ನಾವ ಹುಡುಕೇವಿ" ಎಂದಳು ಆಯಿ. ಆಗ ಅವಳ ಕುತ್ತಿಗೆ ಎಷ್ಟು ನೆಟ್ಟಗಿತ್ತು ಎಂದು ನಾನು ಈಗಲೂ ಕಣ್ಣು ಮುಚ್ಚಿ ನೋಡಬಲ್ಲೆ.

ತಿಳಿದುಕೊಂಡದ್ದು ಸುಲಭ, ಮಾಡಿದ್ದು ಕಷ್ಟ. ತಾವೇ ಬಿತ್ತಿದ ಗಿಡವನ್ನು ತಮ್ಮ ಕೈಯಾರೆ ಕೀಳುವಾಗ ಹೆಣ್ಣುಮಕ್ಕಳು ಕಣ್ಣೀರು ಒರೆಸಿಕೊಂಡರು. ಮೂಡಣ ಪಟ್ಟಿ ಅರ್ಧಕ್ಕರ್ಧ ಬೋಳಾಯಿತು. ನಿಂತ ನೀರು ಹರಿದುಹೋಗಲು ಸಲಿಕೆಯಿಂದ ಕಾಲುವೆ ತೆಗೆದೆವು. ಕಿತ್ತ ಗಿಡಗಳನ್ನು ಬದುವಿನಾಚೆ ಒಟ್ಟಿ ಬೆಂಕಿ ಹಚ್ಚಿದಾಗ ಗೌಡರ ಮೋಟಾರ್ ಸೈಕಲ್ ದಾರಿಯಲ್ಲಿ ನಿಂತಿತ್ತು. ಹೊಲ ಸುಡುತ್ತಿದ್ದಾರೆ ಎಂದು ಯಾರೋ ಹೇಳಿದ್ದರಂತೆ. ಬೆಂಕಿ ಆರುವವರೆಗೆ ನೋಡಿ ಹೊರಟುಹೋದರು.

ಆಮೇಲೆ ಕಾಯುವ ದಿನಗಳು. ಪ್ರತಿ ಬೆಳಿಗ್ಗೆ ಇಬ್ಬಿಬ್ಬರು ಹೋಗಿ ಸಾಲು ಸಾಲು ನೋಡಿ ಬರುತ್ತಿದ್ದರು. ಬಾಡಿದ್ದು ಕಂಡರೆ ಕಿತ್ತು ತರುತ್ತಿದ್ದರು. ಮೊದಮೊದಲು ಉಡಿ ತುಂಬ, ಆಮೇಲೆ ಹಿಡಿಯಷ್ಟು, ಆಮೇಲೆ ಒಂದೆರಡು. ಎಳ್ಳಮಾಸಿಗೆ ಹೊಲದಲ್ಲಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಪುಂಡಿಪಲ್ಯ ಹಂಚಿಕೊಂಡು ತಿಂದ ದಿನ ಮೋಡ ಪೂರ್ತಿ ಸರಿದು ಚಳಿ ಗಾಳಿ ಬೀಸುತ್ತಿತ್ತು. ಕಡ್ಲಿಗೆ ಅದೇ ಬೇಕು. ಹೊಲದ ತುಂಬ ಸಣ್ಣ ನೇರಳೆ ಹೂವು. ಅಮ್ಮಿ ಅಂದು ಮೊದಲ ಬಾರಿಗೆ, "ನನ್ನ ಮಗಳು ಹುಡುಕಿದ್ದು" ಎಂದು ಯಾರಿಗೋ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು.

ರಾಶಿಯ ದಿನ ಗೌಡರು ಬಂದರು. ಈ ಸಲ ಬದುವಿನ ಮೇಲೆ ನಿಲ್ಲಲಿಲ್ಲ, ಚಪ್ಪಲಿ ಬಿಟ್ಟು ಕಣಕ್ಕೆ ಇಳಿದರು. ರಾಶಿಯಿಂದ ಒಂದು ಹಿಡಿ ಕಡ್ಲಿ ತೆಗೆದು ಅಂಗೈಯಲ್ಲಿ ಹೊರಳಿಸಿ ನೋಡಿದರು. ಮೂಡಣ ಪಟ್ಟಿ ಹೋಗಿತ್ತು, ಉಳಿದದ್ದೆಲ್ಲ ಗಟ್ಟಿಯಾಗಿ ನಿಂತಿತ್ತು. ಅವರ ಸ್ವಂತ ಹೊಲದಲ್ಲಿ ಬಾಟ್ಲಿ ಹೊಡೆಸಿದ ಮೇಲೂ ಸಿಡಿ ಹಾಯುತ್ತಲೇ ಹೋಯಿತೆಂದು ಊರಿಗೆಲ್ಲ ಗೊತ್ತಿತ್ತು. ಅದನ್ನು ಯಾರೂ ಎತ್ತಲಿಲ್ಲ.

"ಮುಂದಿನ ಹಿಂಗಾರಿಗೂ ನೀವ ಬಿತ್ರಿ" ಎಂದರು. ಹೊರಡುವಾಗ ಏನೋ ನೆನಪಾದವರ ಹಾಗೆ ತಿರುಗಿ, ಕಿಸೆಯಿಂದ ಫೋನು ತೆಗೆದು ಫಕ್ಕೀರವ್ವನ ಮುಂದೆ ಹಿಡಿದರು. "ಜ್ವಾಳದ ಬೀಜ ಅಂತ ಒಂದು ವಿಡಿಯೋ ಬಂದೈತಿ. ಇದರದೂ ಒಂಚೂರು ಮನಿತನ ನೋಡಬೇ ಯವ್ವಾ."

ಉಳಿದವರೆಲ್ಲ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಆಯಿ ಮಾತ್ರ ನಗಲಿಲ್ಲ. ಗಂಡು ನೋಡಲು ಹೊರಟವಳ ಗಾಂಭೀರ್ಯದಿಂದ ಫೋನು ತೆಗೆದುಕೊಂಡು ನನ್ನ ಕೈಗೆ ಕೊಟ್ಟಳು.

ಅದೇ ಕಣದಲ್ಲಿ, ರಾಶಿಯ ಪಕ್ಕ ಕೂರಿಸಿ, ಅವಳ ವಿಡಿಯೋ ಮಾಡಿದೆ. ನಮ್ಮಂಥವರು ಮತ್ತೊಮ್ಮೆ ಸಮುದ್ರಕ್ಕೆ ಬೀಳಬಾರದಲ್ಲ. ಅವಳು ತನ್ನ ಹೆಸರು, ಊರು, ಮಣ್ಣು, ಬಿತ್ತಿದ ಮಳೆ ಎಲ್ಲ ಹೇಳಿದಳು, ನೀರು ಬಿಟ್ಟು ಕೆಟ್ಟದ್ದನ್ನೂ ಬಿಡಲಿಲ್ಲ. ನಾನು ಶೀರ್ಷಿಕೆಗೆ 'ಕಡಲೆ ಬೆಳೆಯಲ್ಲಿ ಸೊರಗು ರೋಗ' ಎಂದು ಬರೆಯಹೋದೆ. ಅವಳು ಓದಿಸಿ ಕೇಳಿ, "ಹಂಗ ಯಾರು ಹುಡುಕ್ತಾರಬೇ? ನಮ್ಮ ಹೆಣ್ಣುಮಕ್ಕಳ ಬಾಯಾಗ ಅದು ಕಡ್ಲಿ, ಸಿಡಿ. ಹಂಗ ಬರಿ. ಫೋನಿಗೆ ನಮ್ಮ ಮಾತು ಬರೂದಿಲ್ಲಂದ್ರ ಅದು ಕಲೀಲಿ" ಎಂದಳು. 'ಕಡ್ಲಿ ಸಿಡಿ ಹಾಯ್ದ್ರ' ಎಂದು ಬರೆದು ನೆಟ್ಟಿಗೆ ಹಾಕಿದೆ.

ಈಗ ನನ್ನ ಕೆಲಸ ಕಲಘಟಗಿ ತಾಲೂಕಿನಲ್ಲಿ. ಮಿಶ್ರಿಕೋಟಿ, ದೇವಿಕೊಪ್ಪದ ಹೆಣ್ಣುಮಕ್ಕಳ ಸಂಘಗಳಿಗೆ ಫೋನಿನಲ್ಲಿ ಹುಡುಕುವುದು, ಸಿಕ್ಕದ್ದನ್ನು ತೂಗಿ ನೋಡುವುದು ಹೇಳಿಕೊಡುತ್ತೇನೆ. ಅಕ್ಕೋರು ಎನ್ನುತ್ತಾರೆ, ಈಗ ತಲೆ ಅಷ್ಟು ಮೇಲೇಳುವುದಿಲ್ಲ. ಪಾಠವೆಲ್ಲ ಆ ಕಟ್ಟೆಯದೇ.

ಬಸ್ಸಿನ ಮಾತಿಗೆ ಬರುತ್ತೇನೆ. ಕಡ್ಲಿ ಕೊಟ್ಟ ಹೆಂಗಸು ಸ್ವಲ್ಪ ದೂರ ಹೋದ ಮೇಲೆ, "ಈ ವರ್ಷ ನಮ್ಮ ಹೊಲಕ್ಕ ಸಿಡಿ ಭಾಳ ಹಾಯ್ದೈತ್ರಿ" ಎಂದು ನಿಟ್ಟುಸಿರಿಟ್ಟಳು. ನಾನು ಬಾಯಿ ತೆರೆಯುವ ಮೊದಲೇ ಫೋನು ತೆಗೆದು, ಮೈಕಿನ ಚಿತ್ರ ಒತ್ತಿ, "ಕಡ್ಲಿ ಸಿಡಿ" ಎಂದಳು. ಸಮುದ್ರ ಬರಲಿಲ್ಲ. ರಾಶಿಯ ಪಕ್ಕ ಕೂತ ನನ್ನ ಆಯಿ ಬಂದಳು.

"ನಾ ಶಲವಡಿ ಫಕ್ಕೀರವ್ವ. ನಮ್ಮದು ಎರಿ ಹೊಲ" ಎಂದು ಶುರುವಾಯಿತು. ಬಸ್ಸಿನ ಸದ್ದಿನಲ್ಲಿ ಆ ಹೆಂಗಸು ಫೋನನ್ನು ಕಿವಿಗೆ ಒತ್ತಿ ಹಿಡಿದು ಕೊನೆಯವರೆಗೆ ಕೇಳಿದಳು. ಕೊನೆಯ ಮಾತು ನನಗೆ ಕೇಳಿಸದಿದ್ದರೂ ಗೊತ್ತಿತ್ತು. "ನಾ ಹೇಳೀನಂತ ನಂಬಬ್ಯಾಡ್ರಿ. ಬಾಜೂ ಮನ್ಯಾಗ ಕೇಳ್ರಿ."

ಅವಳು ಫೋನು ಇಳಿಸಿದಳು. ಒಂದು ಗಳಿಗೆ ಯೋಚಿಸಿ, ಬಾಜೂಕ್ಕೆ ಕೂತ ನನ್ನ ಕಡೆ ತಿರುಗಿದಳು. "ಈ ಯಮ್ಮ ಹೇಳೂದು ಖರೆ ಐತೇನ್ರಿ? ನಿಮಗೇನರ ಗೊತ್ತೈತಿ?"

"ನನ್ನ ಕೇಳಬ್ಯಾಡ್ರಿ" ಎಂದೆ. "ನಾ ಅಕೀ ಮನಿಯಾಕಿ. ಬ್ಯಾರೆ ಯಾರನ್ನರ ಕೇಳ್ರಿ."